ಏಳು ಫ್ರೇಮ್ ಕೊಯ್ದು ಮಾಡಿದ ‘ಮಲಪ್ರಭಾ’

ಏರ್‌ಬಸ್ ಎ320 ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗೆ ಗರಗಸ ಹಚ್ಚುವ ಮುಂಚೆ ಎರಡು ವಾರ ಪೇಪರ್ ಮೇಲೆ ಗೆರೆ ಎಳೆಯುತ್ತಾ ಕೂತಿದ್ದೆ. ಎಲ್ಲೂ ಇಲ್ಲದ ವಿಮಾನದ ಮಾಡೆಲ್ ಮಾಡಬೇಕು. ಆದರೆ ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಬಂದು ನಿಂತರೆ ಯಾರಿಗೂ ಅನುಮಾನ ಬರಬಾರದು. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ 14 ಸೀಟಿನ ಸಾರಸ್ ವಿಮಾನ 2004ರಲ್ಲಿ ಹಾರಿತ್ತು. ಅದರ ಎಂಜಿನ್ ಬಾಲದ ಪಕ್ಕ. ಅದಕ್ಕೊಬ್ಬ ದೊಡ್ಡಣ್ಣ ಇದ್ದಿದ್ದರೆ ಹೇಗಿರುತ್ತಿದ್ದ? ಆ ಯೋಚನೆ ಅಂದಿನಿಂದ ತಲೆಯಲ್ಲಿ ಕೂತಿತ್ತು. ಹೆಸರು ಆಗಲೇ ಇಟ್ಟಿದ್ದೆ: ಮಲಪ್ರಭಾ.

ಎಂಜಿನ್ ರೆಕ್ಕೆ ಬಿಟ್ಟು ಬಾಲಕ್ಕೆ ಹೋದರೆ ವಿಮಾನದ ಭಾರವೂ ಹಿಂದೆ ಸರಿಯುತ್ತದೆ. ಅದಕ್ಕೇ ಇಂಥ ವಿಮಾನಗಳ ರೆಕ್ಕೆ ಹಿಂದಿರುತ್ತದೆ, ಮುಂದಿನ ಕುತ್ತಿಗೆ ಉದ್ದ ಕಾಣುತ್ತದೆ. ನಾನು ರೆಕ್ಕೆ ಮುಟ್ಟಲಿಲ್ಲ, ರೆಕ್ಕೆಯ ಹಿಂದಿನ ಒಡಲನ್ನು ಮೋಟು ಮಾಡಿದೆ. ಎಷ್ಟು? ಎ320ರ ಒಡಲಿನಲ್ಲಿ ಪಕ್ಕೆಲುಬಿನ ಹಾಗೆ ಬಳೆಯಾಕಾರದ ಫ್ರೇಮ್‌ಗಳಿರುತ್ತವೆ, ಫ್ರೇಮಿನಿಂದ ಫ್ರೇಮಿಗೆ 21 ಇಂಚು, ಕಿಟಕಿ ಸಾಲೂ ಅದೇ ಲೆಕ್ಕದ್ದು. ಏರ್‌ಬಸ್‌ನವರು ಏಳು ಫ್ರೇಮ್ ತೆಗೆದೇ ಮೋಟು ತಮ್ಮ ಎ319 ಮಾಡಿದ್ದು. ನಾನೂ ಏಳೇ ತೆಗೆದೆ, ಆದರೆ ಎಲ್ಲವನ್ನೂ ಹಿಂದಿನಿಂದ. ನನ್ನ ಕಿಟ್ 1/144 ಅಳತೆಯದ್ದು, ಅಂದರೆ ನಿಜ ವಿಮಾನದ 144ರಲ್ಲೊಂದು ಪಾಲು; ಅದರಲ್ಲಿ ಅದು 26 ಮಿ.ಮೀ. ಪೂರ್ತಿ ಫ್ರೇಮ್ ಲೆಕ್ಕದಲ್ಲಿ ಕೊಯ್ದರೆ ಕಿಟಕಿಗಳ ಅಂತರ ಕೆಡುವುದಿಲ್ಲ.

ಒಡಲಿನ ಎರಡು ಅರ್ಧ ಅಂಟಿಸಿ, ಒಂದು ದಿನ ಒಣಗಿಸಿ, ಎಲೆಕ್ಟ್ರಿಕ್ ಟೇಪನ್ನು ಬಳೆಯಂತೆ ಸುತ್ತಿದೆ. ಟೇಪಿನ ಎರಡು ತುದಿ ಒಂದಕ್ಕೊಂದು ಸರಿಯಾಗಿ ಕೂತರೆ ಗೆರೆ ಓರೆಯಾಗಿಲ್ಲ ಅಂತ ಅರ್ಥ. ಅದರ ಅಂಚಿಗೆ ಸಣ್ಣ ಹಲ್ಲಿನ ಗರಗಸ ತಾಗಿಸಿ, ಒಡಲನ್ನು ತಿರುಗಿಸುತ್ತಾ ಕೊಯ್ದೆ. ಒಂದೇ ಕಡೆ ಆಳಕ್ಕೆ ಇಳಿಸಬೇಡಿ. ಒಳಗೆ 1 ಮಿ.ಮೀ. ಪ್ಲಾಸ್ಟಿಕ್ ಶೀಟಿನ ಪಟ್ಟಿ ಅಂಟಿಸಿ, ಹಿಂದಿನ ತುಂಡನ್ನು ಅದರ ಮೇಲೆ ಕೂರಿಸಿದೆ. ಜೋಡಿಸುವ ಮುಂಚೆ ಅದೇ ಬಾಯಿಯಿಂದ ಮೂಗಿನೊಳಗೆ ಸೀಸದ ಗುಂಡು ತುಂಬಿದ್ದೆ, ಇಲ್ಲದಿದ್ದರೆ ಬಾಲ ನೆಲಕ್ಕೆ ಕೂರುತ್ತದೆ. ಬಾಲದ ಕಡೆ ಒಡಲು ಸಣ್ಣಗಾಗುತ್ತಾ ಹೋಗುತ್ತದಲ್ವಾ, ಹೊಟ್ಟೆಯ ಕೆಳಗೆ ತೆಳ್ಳನೆಯ ಮೆಟ್ಟಿಲು ಉಳಿಯಿತು. ಪುಟ್ಟಿ ತುಂಬಿ, 400ರ ವಾಟರ್ ಪೇಪರ್, ಆಮೇಲೆ 800ರದ್ದು ಹಿಡಿದು ಉಜ್ಜಿದೆ. ಬೆರಳಾಡಿಸಿದರೆ ಗೊತ್ತಾಗಬಾರದು, ಅಲ್ಲಿಯವರೆಗೆ ಬಿಡಲಿಲ್ಲ.

ಎಂಜಿನ್‌ಗೆ ಮೊದಲು ಸ್ಕೆಚ್ ಪೆನ್ ಮುಚ್ಚಳ ಹಾಕಿದೆ. ಆ ಪ್ಲಾಸ್ಟಿಕ್ಕನ್ನು ಮಾಡೆಲ್ ಗ್ಲೂ ಕರಗಿಸುವುದೇ ಇಲ್ಲ, ಮಾರನೇ ದಿನ ಎರಡೂ ಉದುರಿದ್ದವು. ಕೊನೆಗೆ ಹಳೆಯ 1/72 ಮಿಗ್-21 ಕಿಟ್‌ನಲ್ಲಿ ಉಳಿದಿದ್ದ ಡ್ರಾಪ್ ಟ್ಯಾಂಕ್‌ಗಳ (ಹೊರಗೆ ನೇತುಹಾಕುವ ಇಂಧನ ಟ್ಯಾಂಕ್) ಎರಡೂ ತುದಿ ಕತ್ತರಿಸಿ ಹಾಕಿದೆ. ಬಾಲದಲ್ಲಿ ಎಂಜಿನ್ ಇದ್ದ ಹಳೇ ಜೆಟ್ ಡಿಸಿ-9ರ ಕಾಲದ ತೆಳು ಎಂಜಿನ್‌ಗಳ ಹಾಗೆ ಕಾಣುತ್ತವೆ. ಅಡ್ಡ ಬಾಲ ಇದ್ದ ಜಾಗದಲ್ಲಿ ಈಗ ಎಂಜಿನ್ ಬಂತು, ಹಾಗಾಗಿ ಅಡ್ಡ ಬಾಲವನ್ನು ನೆಟ್ಟಗಿನ ಬಾಲದ ಮೇಲೆ ಒಯ್ಯಲೇಬೇಕು. ಆದರೆ ಅದರ ತುದಿ ತೀರಾ ಸಪೂರ. 8 ಮಿ.ಮೀ. ತೆಗೆದು ಅಗಲ ಮಾಡಿಕೊಂಡು, ಹಿತ್ತಾಳೆ ತಂತಿ ಚುಚ್ಚಿ ಅಡ್ಡ ಬಾಲ ನಿಲ್ಲಿಸಿದೆ.

ಅಕ್ಕನ ಮಗ ಕೈಗೆತ್ತಿಕೊಂಡು ನೋಡಿ, “ಮಾಮಾ, ಬಾಗಲದ ಮುಂದನ ಎಂಜಿನ್ ಬಂದೈತಲ್ಲ, ಮಂದಿ ಹೆಂಗ ಇಳೀತಾರ?” ಅಂದ. ನಿಜ. ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹಿಂದಿನ ಎರಡೂ ಬಾಗಿಲ ಗೆರೆಗಳಿಗೆ ಪುಟ್ಟಿ ಮೆತ್ತಿದೆ. ಇಂಡಿಯನ್ ಏರ್‌ಲೈನ್ಸ್ ಹಾರಿಸುತ್ತಿದ್ದ ಕ್ಯಾರವೆಲ್‌ನಲ್ಲಿ ಬಾಲದ ಕೆಳಗೇ ಮೆಟ್ಟಿಲು ಇಳಿಯುತ್ತಿತ್ತು. ಅದೇ ಥರ ಹೊಟ್ಟೆಯ ಕೆಳಗೆ ಕೊರೆದು, ಆರು ಮೆಟ್ಟಿಲಿನ ಏಣಿ ಮಾಡಿ ಕೂರಿಸಿದೆ. ಇಡೀ ವಿಮಾನದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಅದು.

ಬಣ್ಣ ಮಾತ್ರ ಜುಲೈನಲ್ಲಿ ಹೊಡೆಯಬಾರದಿತ್ತು. ಬೆಳಗಾವಿಯ ಮಳೆ ಗೊತ್ತಲ್ಲ. ಸ್ಪ್ರೇಯ ತಿನ್ನರ್ ಬೇಗ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಬಣ್ಣದೊಳಗೇ ಕೂರುತ್ತದೆ. ನೀಲಿ ಪಟ್ಟಿ ಬೂದಿ ಬಳಿದಂತಾಯಿತು. ಹಾಗೇ ಮುಚ್ಚಿಟ್ಟು, ದಸರಾ ಹೊತ್ತಿಗೆ ಒಳ್ಳೆ ಬಿಸಿಲು ಬಿದ್ದ ಮೇಲೆ ಉಜ್ಜಿ, ತೆಳುವಾಗಿ ಇನ್ನೊಮ್ಮೆ ಹೊಡೆದೆ. ಈಗ ಕಿಟಕಿಗಳ ಡೆಕಾಲ್ (ಅಂಟಿಸುವ ತೆಳು ಚಿತ್ರ) ಹಚ್ಚುತ್ತಿದ್ದೇನೆ. ಎಡಗಡೆ ಮುಗಿದಿದೆ.