ಅಲಸಂದೆ ಬೀಜದ ಕುಟ್ಟೆಗೆ ಹುರುಳಿ ಕುಟ್ಟೆಯ ಗಂಡು: ನನ್ನ ಅನುಭವ

ಭತ್ತದ ಕೊಯ್ಲಾದ ಗದ್ದೆಯ ಉಳಿದ ತೇವದಲ್ಲಿ ಅಲಸಂದೆ ಬೆಳೆಯುವ ಸೊರಬ, ಸಾಗರದ ಕಡೆಯವರಿಗೆ ಬೀಜವನ್ನು ಮಳೆಗಾಲ ದಾಟಿಸುವುದೇ ಕಷ್ಟ. ಆಷಾಢದಲ್ಲಿ ಬಿಸಿಲು ಸಿಗುವುದಿಲ್ಲ, ತೇವಾಂಶ ಶೇ. 9ಕ್ಕೆ ಇಳಿಯದ ಬೀಜವನ್ನು ಡ್ರಮ್ಮಿನಲ್ಲಿ ಮುಚ್ಚಿಟ್ಟರೆ ಮೊಳಕೆ ಕೆಡುತ್ತದೆ. ಹರಳೆಣ್ಣೆ ಸವರಿದ್ದು ಉಳಿಯಿತು, ಆದರೆ ಜಿಗುಟು ಕಾಳನ್ನು ಕೊಳ್ಳುವವರು ಒಪ್ಪಲಿಲ್ಲ. ಒಂದು ವರ್ಷ ಅರ್ಧ ಕ್ವಿಂಟಲಿನಷ್ಟು ಬೀಜ ಕುಟ್ಟೆ ಹುಳುವಿನಿಂದ ತೂತುಬಿದ್ದು ಆರೇಳು ಸಾವಿರ ರೂಪಾಯಿ ಹೋಯಿತು.

ನನ್ನ ಅಲಸಂದೆಗೆ ಬೀಳುವುದು ಹೆಚ್ಚಾಗಿ ಮ್ಯಾಕ್ಯುಲೇಟಸ್ ಜಾತಿಯ ಕುಟ್ಟೆ, ಹುರುಳಿಗೆ ಚೈನೆನ್ಸಿಸ್. ಎರಡೂ ಸೇರಿದ್ದ ಒಂದು ಡಬ್ಬಿಯಲ್ಲಿ ಮ್ಯಾಕ್ಯುಲೇಟಸ್ ಸೊರಗಿದ್ದನ್ನು ಕಂಡಾಗಲೇ, ಚೈನೆನ್ಸಿಸ್ ಗಂಡುಗಳನ್ನು ಬಿಟ್ಟು ಅಲಸಂದೆ ಬೀಜ ಉಳಿಸುವ ಯೋಚನೆ ಹುಟ್ಟಿತು. ಕಾಳಿನೊಳಗಿನ ಮರಿಗಳ ಪೈಪೋಟಿಯಲ್ಲಿ ಮ್ಯಾಕ್ಯುಲೇಟಸ್ಸಿನದೇ ಮೇಲುಗೈಯಾದರೂ, ಚೈನೆನ್ಸಿಸ್ ಗಂಡು ಜಾತಿ ನೋಡದೆ ಅದರ ಹೆಣ್ಣುಗಳ ಮೇಲೂ ಏರುವುದರಿಂದ ಅವು ಇಡುವ ಮೊಟ್ಟೆ ಕಡಿಮೆಯಾಗುತ್ತದೆ. ಜಪಾನಿನ ಕಿಶಿ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ತೋರಿಸಿದ್ದರು. ಪ್ರೌಢ ಕುಟ್ಟೆ ಕಾಳು ತಿನ್ನುವುದಿಲ್ಲ, ಗಂಡು ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಬರೀ ಗಂಡುಗಳನ್ನು ಬಿಟ್ಟರೆ ಬೀಜಕ್ಕೆ ಹಾನಿಯಿಲ್ಲ. ಬೀಜ ಉಳಿಸುವ ಗೆಳೆಯರೆಲ್ಲರೂ ಕಣಜಕ್ಕೆ ನಾನೇ ಹುಳು ತುಂಬುತ್ತಿದ್ದೇನೆಂದರು.

ಮೊದಲಿಗೆ ಚೀಲಕ್ಕೇ ಬಿಟ್ಟೆ. ಗಂಡುಗಳು ಮೇಲ್ಪದರದಲ್ಲೇ ಉಳಿದವು, ತಳದಲ್ಲಿ ಮೊಟ್ಟೆ ಎಂದಿನಂತೆ ಬಿದ್ದಿತು. ನಾಲ್ಕು ಬೆರಳು ಆಳದ ತಟ್ಟೆಗಳಿಗೆ ಬದಲಿಸಿದ ಮೇಲೂ, ಬಿಳಿ ಮೊಟ್ಟೆ ಆಗಲೇ ಕಾಣುತ್ತಿದ್ದ ಬೀಜದಲ್ಲಿ ಏನೂ ಉಪಯೋಗವಾಗಲಿಲ್ಲ, ಏಕೆಂದರೆ ಒಳಗೆ ಕೊರೆದು ಹೋದ ಮರಿಗೆ ಹೊರಗಿನ ಗಂಡಿನಿಂದ ಯಾವ ತೊಂದರೆಯೂ ಇಲ್ಲ. ಎಲ್ಲಕ್ಕಿಂತ ದುಬಾರಿಯಾದದ್ದು ಚೈನೆನ್ಸಿಸ್ ಹೆಣ್ಣು ತಪ್ಪಿ ಸೇರಿಕೊಂಡ ತಟ್ಟೆ: ಎರಡನೆಯ ತಲೆಮಾರಿಗೆ ಅದು ಪೂರ್ತಿ ಚೈನೆನ್ಸಿಸ್ ಪಾಲಾಯಿತು. ಈಗ ಮೊಟ್ಟೆಯಿರುವ ಹುರುಳಿಯನ್ನು ಸಣ್ಣ ಸೀಸೆಗೊಂದು ಕಾಳಿನಂತೆ ಇಟ್ಟು, ಹೊರಬಂದವುಗಳಲ್ಲಿ ಬಾಚಣಿಗೆಯಂತಹ ಮೀಸೆಯಿರುವ ಗಂಡುಗಳನ್ನು ಮಾತ್ರ ಆರಿಸುತ್ತೇನೆ. ಅವು ಹೆಚ್ಚು ದಿನ ಬದುಕದ ಕಾರಣ ಸುಮಾರು ವಾರಕ್ಕೊಮ್ಮೆ ಹೊಸ ಗಂಡುಗಳು ಬೇಕು. ಬೇಕಾದ ವಾರಕ್ಕೆ ಸರಿಯಾಗಿ ಅವು ಹೊರಬರುವಂತೆ ಮಾಡುವ ಕ್ರಮವನ್ನು ನಾನೇ ಕಂಡುಕೊಂಡಿದ್ದೇನೆ. ಸದ್ಯಕ್ಕೆ ಅದನ್ನು ಬರೆಯುವುದಿಲ್ಲ.

ಒಂದು ಮ್ಯಾಕ್ಯುಲೇಟಸ್ ಹೆಣ್ಣಿಗೆ ನಾಲ್ಕೈದು ಗಂಡು ಸಾಲಲಿಲ್ಲ, ಹತ್ತರ ಆಸುಪಾಸಿನಲ್ಲಿ ಫಲ ಕಂಡಿತು. ಭಾದ್ರಪದ ಮುಗಿಯುವ ಹೊತ್ತಿಗೆ ಗಂಡು ಬಿಡದ ತಟ್ಟೆಯಲ್ಲಿ ನೂರಕ್ಕೆ ಅರವತ್ತರಷ್ಟು ಕಾಳು ತೂತಾಗಿದ್ದರೆ, ಬಿಟ್ಟದ್ದರಲ್ಲಿ ಹತ್ತರೊಳಗೆ ಇತ್ತು. ಮೊಳಕೆ ಎಂಬತ್ತು ದಾಟಿತು. ಅನುಮಾನಪಟ್ಟವರೇ ಈ ಸಲ ಬೀಜ ಕೊಂಡುಹೋದರು.

ಜೊತೆಗೆ ಬಜೆ ಪುಡಿ ಬೆರೆಸಿ ನೋಡಿದೆ. ನನ್ನ ಗಂಡುಗಳೇ ಮೊದಲು ಸತ್ತವು. ಲಕ್ಕಿ ಸೊಪ್ಪಿನಿಂದ ಹೆಚ್ಚೇನೂ ಬದಲಾಗಲಿಲ್ಲ.

ಸೀಸೆಗಳಿಗೆ ಆರುನೂರು ರೂಪಾಯಿಯಷ್ಟಾಯಿತು, ಆದರೆ ಆರಿಸುವ ಕೆಲಸ ಪ್ರತಿ ಸಂಜೆಯನ್ನೂ ತಿನ್ನುತ್ತದೆ. ಆದ್ದರಿಂದ ಕಿಲೋಗೆ ನೂರೈವತ್ತು ಸಿಗುವ ಬಿತ್ತನೆ ಬೀಜಕ್ಕೆ ಇದು ಸರಿ, ಅಡುಗೆಯ ಕಾಳಿಗೆ ಗಿಟ್ಟುವುದಿಲ್ಲ. ಹುರುಳಿಯನ್ನು ಉಳಿಸಲು ಮ್ಯಾಕ್ಯುಲೇಟಸ್ ಗಂಡುಗಳನ್ನು ಬಿಟ್ಟು ಉಲ್ಟಾ ಪ್ರಯೋಗವನ್ನೂ ಮಾಡಿದೆ. ಚೈನೆನ್ಸಿಸ್ ಹೆಣ್ಣುಗಳ ಮೊಟ್ಟೆ ಅಷ್ಟೇನೂ ತಗ್ಗಲಿಲ್ಲ. ಹುರುಳಿ ಬೀಜಕ್ಕೆ ನಾನು ಈಗಲೂ ಹರಳೆಣ್ಣೆಯನ್ನೇ ಸವರುತ್ತೇನೆ, ಕಿಲೋಗೆ 5 ಮಿ.ಲೀ.ನಷ್ಟು.