ಚಕ್ಕುಲಿ ಡಬ್ಬದಲ್ಲಿ ಸಿಕ್ಕ ಬ್ಯಾಟರಿ: ನಮ್ಮ ಕ್ಯಾಂಪರ್ ವ್ಯಾನಿಗೆ ಸ್ಮೋಕ್ ಅಲಾರಂ ಹಾಕಿದ ಅನುಭವ

2024ರ ದಸರಾ ರಜೆ. ಕೊಡಗು ಸುತ್ತಿ ಮೈಸೂರಿಗೆ ವಾಪಸ್ ಬಂದು ಕ್ಯಾಂಪರ್ ವ್ಯಾನ್, ಅಂದರೆ ಹಾಸಿಗೆ, ಒಲೆ ಎಲ್ಲ ಇರುವ ನಮ್ಮ ಪ್ರವಾಸದ ಗಾಡಿ, ಖಾಲಿ ಮಾಡುತ್ತಿದ್ದೆ. ಚಕ್ಕುಲಿ ಡಬ್ಬದ ಮುಚ್ಚಳ ತೆಗೆದರೆ ಒಳಗೆ 9 ವೋಲ್ಟಿನ ಚೌಕ ಬ್ಯಾಟರಿ ಇತ್ತು. ತಲೆ ಎತ್ತಿ ನೋಡಿದೆ. ಹೊಗೆ ಬಂದರೆ ಕೂಗಿ ಎಚ್ಚರಿಸಬೇಕಾದ ಸೀಲಿಂಗಿನ ಸ್ಮೋಕ್ ಅಲಾರಂ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಮೂರು ರಾತ್ರಿ ನಾವು ನಾಲ್ಕು ಜನ ಅದರ ಕೆಳಗೇ ಮಲಗಿದ್ದೆವು.

"ಒಗ್ಗರಣೆ ಹಾಕಿದ್ರೆ ಸಾಕು, ಕೂಗ್ತಿತ್ತು ಕಣೋ. ಮಗು ಬೇರೆ ಹೆದರ್ಕೊಳ್ತಿತ್ತು. ಅದಕ್ಕೇ ತೆಗೆದಿಟ್ಟೆ" ಎಂದರು ಅಮ್ಮ.

ಅಮ್ಮನ ಮೇಲೆ ಕೋಪ ಬರಲಿಲ್ಲ. ದಿನಕ್ಕೆ ಮೂರು ಸಲ ಸುಮ್ನೆ ಕಿರುಚುವ ಯಂತ್ರವನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಅಲಾರಂ ಚೆನ್ನಾಗಿಯೇ ಇತ್ತು. ಅದನ್ನು ಹಾಕಿದ ಜಾಗ ತಪ್ಪಾಗಿತ್ತು. ಆ ಜಾಗಕ್ಕೆ ಒಪ್ಪಿದವನು ನಾನು. ವ್ಯಾನ್ ಕಟ್ಟಿಸಬೇಕು ಅಂದುಕೊಂಡಿರುವವರು ಈ ತಪ್ಪು ಮಾಡಬಾರದು ಅಂತ ಇದನ್ನೆಲ್ಲ ಬರೆಯುತ್ತಿದ್ದೇನೆ.

ವ್ಯಾನ್ ಕೆಲಸ ಶುರುವಾದದ್ದು 2023ರಲ್ಲಿ. ಹಳೆಯ ಟ್ರಾವೆಲರ್ ಗಾಡಿ ತೆಗೆದುಕೊಂಡು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಶೆಡ್‌ನಲ್ಲಿ ಬಿಟ್ಟಿದ್ದೆ. ಕಾಗದಪತ್ರದ ಕೆಲಸ ಮೊದಲೇ ಮುಗಿಸಿದೆವು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಆ ಕಥೆ ಇನ್ನೊಂದು ಸಲ ಹೇಳುತ್ತೇನೆ.

ಒಳಗಿನ ಪ್ಲೈವುಡ್ ಕೆಲಸ ಅರ್ಧ ಆಗಿತ್ತು. ಆಗಸ್ಟ್ 26ರಂದು ಮಧುರೈ ರೈಲು ನಿಲ್ದಾಣದ ಸುದ್ದಿ ಬಂತು. ಯಾತ್ರಿಕರ ಒಂದು ಖಾಸಗಿ ಬೋಗಿ ನಿಲ್ದಾಣದ ಹತ್ತಿರ ನಿಂತಿತ್ತು. ನಿಯಮ ಮೀರಿ ಒಳಗೆ ತಂದಿದ್ದ ಗ್ಯಾಸ್ ಸಿಲಿಂಡರ್‌ನಿಂದ ಬೆಂಕಿ ಹೊತ್ತಿಕೊಂಡು 9 ಜನ ತೀರಿಕೊಂಡರು. ಬೆಳಗಿನ ಜಾವದ ಹೊತ್ತು. ಅಡುಗೆ, ಹಾಸಿಗೆ, ಗ್ಯಾಸ್, ಎಲ್ಲ ಒಂದೇ ಡಬ್ಬಿಯೊಳಗೆ. ನಾನು ಕಟ್ಟಿಸುತ್ತಿದ್ದದ್ದೂ ಅಂಥದ್ದೇ ಅಲ್ವಾ? ಅವತ್ತು ಶೆಡ್‌ಗೆ ಹೋಗಿ ಕೆಲಸ ನಿಲ್ಲಿಸಿದೆ.

ಮೊದಲು ಗ್ಯಾಸ್ ಜಾಗ ಬದಲಾಯಿತು. ಒಲೆಯ ಕೆಳಗಿನ ಕಪಾಟಿನಲ್ಲಿ ಸಿಲಿಂಡರ್ ಇಡಬೇಕು ಅಂತ ಇತ್ತು. ಅದನ್ನು ಬಿಟ್ಟು, ಗಾಡಿಯ ಪಕ್ಕದಲ್ಲಿ ಹೊರಗಿನಿಂದ ಮಾತ್ರ ತೆರೆಯುವ ತಗಡಿನ ಪೆಟ್ಟಿಗೆ ಮಾಡಿಸಿದೆ. 5 ಕೆಜಿ ಸಿಲಿಂಡರ್ ಅಲ್ಲಿ ಕೂರುತ್ತದೆ. ಪೆಟ್ಟಿಗೆಯ ತಳದಲ್ಲಿ ತೂತುಗಳಿವೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಹಾಗೆ ಇಳಿದದ್ದು ರಸ್ತೆಗೆ ಹೋಗಲಿ, ನಮ್ಮ ಹಾಸಿಗೆ ಕೆಳಗೆ ಬೇಡ. ಪೈಪು ಕಿತ್ತಳೆ ಬಣ್ಣದ ಸುರಕ್ಷಾ ಪೈಪು, ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಗಾಡಿ ಓಡುವಾಗ ರೆಗ್ಯುಲೇಟರ್ ಆಫ್. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಆಮೇಲೆ ಅಲಾರಂ. ಬೇರೆ ದೇಶಗಳಲ್ಲಿ ಏನು ಮಾಡುತ್ತಾರೆ ಅಂತ ಓದಲು ಕೂತೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2006ರ ಮೇ ತಿಂಗಳಿನಿಂದಲೇ ಜನ ಮಲಗುವ ಕಡೆಯಲ್ಲೆಲ್ಲ ಸ್ಮೋಕ್ ಅಲಾರಂ ಕಡ್ಡಾಯ. ಕ್ಯಾರವಾನ್, ಕ್ಯಾಂಪರ್ ವ್ಯಾನ್ ಕೂಡ ಅದರಲ್ಲಿ ಸೇರಿವೆ. ಕ್ವೀನ್ಸ್‌ಲ್ಯಾಂಡ್‌ನವರು ಇಂಥದ್ದೇ ಬಗೆ ಬೇಕು, ಫೋಟೋಎಲೆಕ್ಟ್ರಿಕ್ ಆಗಿರಬೇಕು ಎನ್ನುತ್ತಾರೆ. ಅಮೆರಿಕದಲ್ಲಿ ಇಂಥ ಗಾಡಿಗಳ ಮಾನದಂಡ ಎನ್‌ಎಫ್‌ಪಿಎ 1192. ಅದರಲ್ಲಿ ಹೊಗೆಗೆ ಒಂದು, ಕಾರ್ಬನ್ ಮಾನಾಕ್ಸೈಡ್‌ಗೆ ಒಂದು, ಸೋರಿದ ಗ್ಯಾಸ್‌ಗೆ ಒಂದು, ಹೀಗೆ ಮೂರು ಬಗೆಯ ಎಚ್ಚರಿಕೆ ಬೇಕು. ನಮ್ಮಲ್ಲಿ ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡ ಇದೆ. ದೂರ ಓಡುವ ಬಸ್ಸುಗಳಲ್ಲೂ ಶಾಲಾ ಬಸ್ಸುಗಳಲ್ಲೂ ಜನ ಕೂರುವ ಭಾಗದಲ್ಲೇ ಬೆಂಕಿ ಅಲಾರಂ ಇರಬೇಕು ಎಂದು ಕೇಂದ್ರ ಸಾರಿಗೆ ಸಚಿವಾಲಯ 2022ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಆರ್‌ಟಿಒ ಕೇಳಲಿ ಬಿಡಲಿ, ಅದರಲ್ಲಿ ಮಲಗುವುದು ನನ್ನ ಮಗಳು. ಹಾಕಿಸಲೇಬೇಕು ಅಂದುಕೊಂಡೆ.

ಫೋಟೋಎಲೆಕ್ಟ್ರಿಕ್ ಯಾಕೆ ಅಂತ ಹೇಳಬೇಕು. ಅದರೊಳಗೆ ಒಂದು ಕತ್ತಲೆ ಗೂಡು ಇರುತ್ತದೆ, ಒಂದು ಪುಟ್ಟ ಬೆಳಕೂ ಇರುತ್ತದೆ. ಬೆಳಕು ಸೆನ್ಸರ್ ಮೇಲೆ ನೇರವಾಗಿ ಬೀಳುವುದಿಲ್ಲ. ಹೊಗೆ ಒಳಗೆ ಬಂದಾಗ ಬೆಳಕು ಚದುರಿ ಸೆನ್ಸರ್‌ಗೆ ತಾಗುತ್ತದೆ, ಆಗ ಕೂಗುತ್ತದೆ. ಇನ್ನೊಂದು ಬಗೆ ಅಯೊನೈಸೇಶನ್. ಅದು ಧಗಧಗ ಉರಿಯುವ ಬೆಂಕಿಯನ್ನು ಬೇಗ ಹಿಡಿಯುತ್ತದೆ. ಆದರೆ ಒಲೆಯ ಹೊಗೆಗೂ ಜಾಸ್ತಿ ಕೂಗುತ್ತದೆ. ವ್ಯಾನಿನಲ್ಲಿ ಇರುವುದು ಫೋಮ್ ಹಾಸಿಗೆ, ರೆಕ್ಸಿನ್, ವೈರು. ಇವು ಮೊದಲು ಜ್ವಾಲೆ ಇಲ್ಲದೆ ಕನಲಿ ಹೊಗೆಯಾಡುತ್ತವೆ. ಅದಕ್ಕೆ ಫೋಟೋಎಲೆಕ್ಟ್ರಿಕ್ ಸರಿ.

ಕೊಳ್ಳುವಾಗ ಮೊದಲ ಪೆಟ್ಟು ತಿಂದೆ. ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸ್ಮೋಕ್ ಡಿಟೆಕ್ಟರ್ ಕೇಳಿದೆ, ಕೊಟ್ಟರು. ಮೇಸ್ತ್ರಿ 12 ವೋಲ್ಟ್ ಲೈನಿಗೆ ಸೇರಿಸಿದ. ಊದುಬತ್ತಿ ಹಚ್ಚಿ ಹಿಡಿದೆವು, ಬಟ್ಟೆ ಸುಟ್ಟು ಹಿಡಿದೆವು. ಏನೂ ಇಲ್ಲ. ಅದು ದೊಡ್ಡ ಕಟ್ಟಡಗಳಿಗೆ ಹಾಕುವ ಪ್ಯಾನೆಲ್ ಬಗೆ. 24 ವೋಲ್ಟಿನ ಪ್ಯಾನೆಲ್‌ಗೆ ಜೋಡಿಸಬೇಕು, ಕೂಗುವುದು ಬೇರೆ ಕಡೆ ಇರುವ ಹೂಟರ್. ಇದರೊಳಗೆ ಬಜರ್ ಇರುವುದೇ ಇಲ್ಲ. ಅಂಗಡಿಯಲ್ಲಿ ಡಿಟೆಕ್ಟರ್ ಅಂತ ಕೇಳಬೇಡಿ. ಬ್ಯಾಟರಿ ಹಾಕಿದರೆ ತಾನೇ ಕೂಗುವ ಸ್ಮೋಕ್ ಅಲಾರಂ ಅಂತ ಕೇಳಿ, ಅಲ್ಲೇ ಟೆಸ್ಟ್ ಬಟನ್ ಒತ್ತಿ ಸದ್ದು ಕೇಳಿಸಿಕೊಂಡು ತನ್ನಿ. ಮೂರು ಮೀಟರ್ ದೂರಕ್ಕೆ 85 ಡೆಸಿಬಲ್ ಸದ್ದು ಬರಬೇಕು. ಜೊತೆಗೆ ಸ್ವಲ್ಪ ಹೊತ್ತು ಸುಮ್ಮನಾಗಿಸುವ ಹಶ್ ಬಟನ್ ಇರಲಿ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಸರಿಯಾದ ಅಲಾರಂ ಬಂದ ಮೇಲೆ ಮೇಸ್ತ್ರಿ ಅದನ್ನು ಒಲೆಯ ನೆತ್ತಿ ಮೇಲೆ ಕೂರಿಸಿದ. "ಬೆಂಕಿ ಬರೋದು ಅಲ್ಲೇ ಅಲ್ವಾ ಸಾರ್" ಅಂದ. ನನಗೂ ಸರಿ ಅನ್ನಿಸಿತು. ಅದರ ಫಲವೇ ಚಕ್ಕುಲಿ ಡಬ್ಬ. ಸಾಸಿವೆ, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಕೂಗು. ಕುಕ್ಕರ್ ವಿಶಲ್ ಬಂದರೂ ಕೂಗು. ಫೋಟೋಎಲೆಕ್ಟ್ರಿಕ್ ಗೂಡಿಗೆ ಹಬೆಯೂ ಬೆಳಕು ಚದುರಿಸುವ ವಸ್ತುವೇ. ಎಣ್ಣೆಯ ಜಿಡ್ಡು ಬೇರೆ ಜಾಲರಿಗೆ ಕೂತಿತ್ತು.

ಒಲೆ ಹತ್ತಿ ಉರಿದರೆ ಎಚ್ಚರ ಇರುವ ಅಡುಗೆಯವರ ಕಣ್ಣಿಗೆ ಅದು ಬೀಳುತ್ತದೆ. ಅಲಾರಂ ಬೇಕಾಗಿರುವುದು ನಿದ್ದೆಯಲ್ಲಿ ಇರುವವರಿಗೆ. ಮಲಗಿದಾಗ ಮೂಗು ಕೆಲಸ ಮಾಡುತ್ತದೆ ಅಂತ ನಂಬಬಾರದು, ಹೊಗೆಯ ವಾಸನೆಗೆ ನಿದ್ದೆ ಕಳೆಯುತ್ತದೆ ಅನ್ನುವುದಕ್ಕೆ ಯಾವ ಭರವಸೆಯೂ ಇಲ್ಲ. ಕಿವಿ ಮಾತ್ರ ನಮ್ಮ ಕೈ ಹಿಡಿಯುತ್ತದೆ. ಹಾಗಾಗಿ ಅಲಾರಂ ಕಿತ್ತು ಹಿಂದಿನ ಹಾಸಿಗೆಯ ಕಾಲ ಕಡೆಗೆ, ಸೀಲಿಂಗಿಗೆ ಹಾಕಿದೆ. ಒಲೆಯಿಂದ ಆದಷ್ಟು ದೂರ. ಗೋಡೆಯಿಂದ ಒಂದು ಅಡಿ ಈಚೆಗೆ, ಯಾಕೆಂದರೆ ಮೂಲೆಯಲ್ಲಿ ಗಾಳಿ ಆಡುವುದಿಲ್ಲ, ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ರೂಫ್ ಫ್ಯಾನ್ ಪಕ್ಕವೂ ಬೇಡ, ಹೊಗೆಯನ್ನು ಅದೇ ಎಳೆದುಕೊಂಡು ಹೋಗಿಬಿಡುತ್ತದೆ.

ಅಮ್ಮನ ಜೊತೆ ಕೂತು ಮಾತಾಡಿದೆ. ಒಗ್ಗರಣೆಗೆ ಮೊದಲು ಬಾಗಿಲು ತೆರೆಯುವುದು, ರೂಫ್ ಫ್ಯಾನ್ ಹಾಕುವುದು. ಕುಕ್ಕರ್ ಹೊರಗಿನ ಮಡಚುವ ಮೇಜಿನ ಮೇಲೆ. ಆದರೂ ಕೂಗಿದರೆ ಹಶ್ ಬಟನ್ ಒತ್ತುವುದು, ಬ್ಯಾಟರಿ ಮುಟ್ಟುವ ಹಾಗಿಲ್ಲ. "ಒಂದು ಗುಂಡಿ ಒತ್ತಿದ್ರೆ ಸುಮ್ನಾಗುತ್ತೆ ಅಂತ ಮೊದಲೇ ಹೇಳಿದ್ರೆ ನಾನ್ಯಾಕೆ ತೆಗೀತಿದ್ದೆ?" ಎಂದರು. ಆ ಗುಂಡಿಯನ್ನು ಯಾರಿಗೂ ತೋರಿಸದೆ ಅಲಾರಂ ಹಾಕಿ ಮುಗಿಸಿದ್ದೆ. ಈಗ ವ್ಯಾನ್ ಹತ್ತುವ ನಂಟರಿಗೂ ಮೊದಲು ಅದನ್ನೇ ತೋರಿಸುತ್ತೇನೆ.

2024ರ ಡಿಸೆಂಬರಿನಲ್ಲಿ ಕೇರಳದ ವಡಕರದ ಸುದ್ದಿ ಬಂತು. ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದರು. ಬೆಂಕಿ ಇಲ್ಲ, ಹೊಗೆ ಇಲ್ಲ. ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಂಡುಬಿಡುತ್ತದೆ. ಸ್ಮೋಕ್ ಅಲಾರಂ ಅದನ್ನು ನೋಡುವುದೇ ಇಲ್ಲ.

ಅದನ್ನು ಓದಿದಾಗ ನನಗೆ ಕೊಡಗಿನ ಆ ಪ್ರವಾಸವೇ ನೆನಪಾಯಿತು. ಮಡಿಕೇರಿ ಹತ್ತಿರದ ಹೋಂಸ್ಟೇ ಅಂಗಳದಲ್ಲಿ ನಿಂತಿದ್ದಾಗ ಅಲ್ಲಿಯವರು ಚಳಿಗೆ ಪ್ರೀತಿಯಿಂದ ಒಂದು ಬಾಣಲೆ ಕೆಂಡ ತಂದುಕೊಟ್ಟರು. ನಾವು ಅದನ್ನು ಒಳಗಿಟ್ಟು ಕಿಟಕಿ ಮುಚ್ಚಿಕೊಂಡಿದ್ದೆವು. ಮಗಳು ಕಾಲು ತಾಗಿಸುತ್ತಾಳೆ ಅಂತ ಸ್ವಲ್ಪ ಹೊತ್ತಿಗೇ ಹೊರಗಿಟ್ಟೆವು. ಇಲ್ಲದಿದ್ದರೆ? ಕೆಂಡಕ್ಕೆ ಹೊಗೆ ಇರುವುದಿಲ್ಲ, ಆದರೆ ಈ ವಿಷಗಾಳಿ ಧಾರಾಳವಾಗಿ ಬರುತ್ತದೆ. ಹಳೆಯ ಹೆಂಚಿನ ಮನೆಯಲ್ಲಿ ಗಾಳಿಗೆ ಸಂದು ಇರುತ್ತಿತ್ತು. ರಬ್ಬರ್ ಬೀಡಿಂಗ್ ಹಾಕಿದ ವ್ಯಾನಿನಲ್ಲಿ ಇಲ್ಲ. ದಯವಿಟ್ಟು ಕೆಂಡ, ಅಗ್ಗಿಷ್ಟಿಕೆ ಯಾವುದನ್ನೂ ಒಳಗೆ ತರಬೇಡಿ. ಸೊಳ್ಳೆ ಬತ್ತಿಯೂ ಬೇಡ, ಕಿಟಕಿಗೆ ಬಲೆ ಹಾಕಿಸಿ.

ಜನವರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ತರಿಸಿದೆ. ಯುರೋಪಿನ ಇಎನ್ 50291 ಮಾನದಂಡದಲ್ಲಿ ಎರಡನೇ ಭಾಗ ಇಂಥ ಗಾಡಿಗಳಿಗೆಂದೇ ಇದೆ, ಅದನ್ನು ನೋಡಿ ಆರಿಸಿದೆ. ಗಾಳಿಯಲ್ಲಿ ಈ ಅನಿಲ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದರೆ ಅದು 60ರಿಂದ 90 ನಿಮಿಷದೊಳಗೆ ಕೂಗಬೇಕು, 300 ಇದ್ದರೆ ಮೂರು ನಿಮಿಷದೊಳಗೆ. ಈ ಅನಿಲದ ತೂಕ ಹೆಚ್ಚುಕಡಿಮೆ ಗಾಳಿಯಷ್ಟೇ. ಹಾಗಾಗಿ ಅದನ್ನು ದಿಂಬಿನ ಮಟ್ಟಕ್ಕೆ, ಮಲಗಿದಾಗ ಮೂಗು ಇರುವ ಎತ್ತರಕ್ಕೆ ಹಾಕಿದೆ. ಗ್ಯಾಸ್ ಸೋರಿಕೆಯದ್ದು ಒಲೆಯ ಪಕ್ಕ, ನೆಲದಿಂದ ಗೇಣು ಎತ್ತರದಲ್ಲಿ. ಹೊಗೆಯದ್ದು ಮೇಲೆ, ಉಸಿರಿನದ್ದು ನಡುವೆ, ಗ್ಯಾಸಿನದ್ದು ಕೆಳಗೆ. ಮಗಳಿಗೆ ಹೀಗೇ ಹೇಳಿಕೊಟ್ಟಿದ್ದೇನೆ.

ಆಮೇಲೆ ಮೇಲುಕೋಟೆ ವೈರಮುಡಿ. ಉತ್ಸವ ನೋಡಿಕೊಂಡು ರಾತ್ರಿ ಬಹಳ ತಡವಾಗಿ ಜಕ್ಕನಹಳ್ಳಿ ಕಡೆ ನಂಟರ ತೋಟಕ್ಕೆ ಬಂದು, ವ್ಯಾನಿನಲ್ಲೇ ಮಲಗಿದೆವು. ಸುಸ್ತಾಗಿತ್ತು, ಮಲಗಿದ್ದೇ ಗೊತ್ತಾಗಲಿಲ್ಲ. ನಾಲ್ಕೂಕಾಲಿಗೆ ಅಲಾರಂ ಕೂಗಿತು.

ನನ್ನ ಮೊದಲ ಯೋಚನೆ ಆಲೆಮನೆ. ಮಂಡ್ಯದ ಕಡೆ ಬೆಳಗಿನ ಜಾವ ಆಲೆಮನೆ ಹೊಗೆ ನೆಲ ಹಿಡಿದುಕೊಂಡು ಬರುತ್ತದೆ. ನಾನು ಕೈ ಎತ್ತಿ ಹಶ್ ಬಟನ್ ಹತ್ತಿರ ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ಹೆಂಡತಿ, "ರೀ, ಇದು ಬೆಲ್ಲದ ವಾಸನೆ ಅಲ್ಲ, ವೈರ್ ಸುಟ್ಟ ವಾಸನೆ" ಎಂದಳು. ಟಾರ್ಚ್ ಹಾಕಿದೆ. ಬೆಂಚಿನ ಸಂದಿನಿಂದ ನೂಲಿನ ಹಾಗೆ ಹೊಗೆ ಏಳುತ್ತಿತ್ತು. ಜ್ವಾಲೆ ಇರಲಿಲ್ಲ.

ಅವಳು ಮಗಳನ್ನು ಎತ್ತಿಕೊಂಡು ಅಮ್ಮನ ಕೈ ಹಿಡಿದು ಇಳಿದಳು. ನಾನು ಬ್ಯಾಟರಿಯ ಮೇನ್ ಸ್ವಿಚ್ ತಿರುಗಿಸಿ, ಅಗ್ನಿಶಾಮಕ ಸಿಲಿಂಡರ್ ಕೈಗೆ ತೆಗೆದುಕೊಂಡು ಹೊರಗೆ ನಿಂತೆ. ಕರೆಂಟ್ ನಿಂತ ಮೇಲೆ ಹೊಗೆ ಕಡಿಮೆಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಬೆಂಚಿನ ಹಲಗೆ ತೆಗೆದು ನೋಡಿದರೆ ಇನ್ವರ್ಟರಿಗೆ ಹೋಗುವ ದಪ್ಪ ಕೇಬಲ್ಲಿನ ನಟ್ ಸಡಿಲವಾಗಿತ್ತು. ಕೆಟ್ಟ ರಸ್ತೆಯ ಅದುರಾಟ. ಸಡಿಲ ಜಾಗದಲ್ಲಿ ಕೇಬಲ್ ಕಾದು, ಪ್ಲಾಸ್ಟಿಕ್ ಕರಗಿ, ಪಕ್ಕದ ಫೋಮ್ ಅಂಗೈ ಅಗಲ ಕಪ್ಪಾಗಿತ್ತು.

ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ತುಂಬ ಜನ ಕೇಳಿದರು. ಕರೆಂಟ್ ಮಿತಿ ಮೀರಿದರೆ ಮಾತ್ರ ಫ್ಯೂಸ್ ಹೋಗುತ್ತದೆ. ಇಲ್ಲಿ ಹರಿಯುತ್ತಿದ್ದದ್ದು ಫ್ರಿಜ್ಜಿಗೆ ಬೇಕಾದಷ್ಟೇ ಕರೆಂಟ್. ಬಿಸಿಯಾದದ್ದು ಸಡಿಲವಾದ ಆ ಒಂದು ಜಾಗ. ಅದನ್ನು ಫ್ಯೂಸ್ ಕಾಣುವುದಿಲ್ಲ. ಈಗ ಎಲ್ಲ ಕಡೆ ಸ್ಪ್ರಿಂಗ್ ವಾಷರ್ ಹಾಕಿಸಿದ್ದೇನೆ. ದೊಡ್ಡ ಪ್ರವಾಸದಿಂದ ಬಂದ ಮೇಲೆ ಪ್ರತಿ ನಟ್ಟಿಗೂ ಒಂದು ಸಲ ಸ್ಪ್ಯಾನರ್ ಹಾಕಿ ನೋಡುತ್ತೇನೆ. ಮೇನ್ ಸ್ವಿಚ್ಚನ್ನು ಮಲಗಿದಲ್ಲಿಂದ ಕೈಗೆ ಎಟುಕುವ ಹಾಗೆ ಮಾಡಿಸಿದೆ.

ಅವತ್ತು ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಅಷ್ಟು ಕೂಗಿದರೂ ಮಗಳು ಏಳಲೇ ಇಲ್ಲ. ಆರು ವರ್ಷದ ಮಗು ಅಲಾರಂ ಕೆಳಗೇ ಮಲಗಿತ್ತು. ಆಮೇಲೆ ಓದಿ ತಿಳಿದೆ, ಮಕ್ಕಳ ಗಾಢ ನಿದ್ದೆಯನ್ನು ಈ ಕೀರಲು ಸದ್ದು ಎಷ್ಟೋ ಸಲ ಎಬ್ಬಿಸುವುದಿಲ್ಲವಂತೆ. ಮನೆ ಮುಂದೆ ವ್ಯಾನ್ ನಿಲ್ಲಿಸಿ ಒಂದು ರಾತ್ರಿ ಬೇಕಂತಲೇ ಟೆಸ್ಟ್ ಬಟನ್ ಒತ್ತಿ ನೋಡಿದೆ. ಆಗಲೂ ಏಳಲಿಲ್ಲ. ಹಾಗಾಗಿ ನಮ್ಮಲ್ಲಿ ಕೆಲಸ ಹಂಚಿಕೆಯಾಗಿದೆ: ಹೆಂಡತಿ ಮಗಳನ್ನು ಎತ್ತಿಕೊಳ್ಳುವುದು, ನಾನು ಅಮ್ಮನ ಜೊತೆ ಇಳಿಯುವುದು, ಸ್ವಿಚ್ ದಾರಿಯಲ್ಲಿ. ಹಿಂದಿನ ಬಾಗಿಲು ಒಳಗಿನಿಂದ ತೆರೆಯಬೇಕು, ಅದರ ಮುಂದೆ ರಾತ್ರಿ ಒಂದು ಚೀಲವನ್ನೂ ಇಡುವುದಿಲ್ಲ. 2 ಕೆಜಿ ಪುಡಿಯ ಅಗ್ನಿಶಾಮಕ ಬಾಗಿಲ ಪಕ್ಕ ಇದೆ, ಒಲೆಯ ಆಚೆ ಇಟ್ಟರೆ ಬೆಂಕಿ ದಾಟಿ ತೆಗೆದುಕೊಳ್ಳಬೇಕಾಗುತ್ತದೆ. ಗಾಡಿ ಅದುರಿ ಪುಡಿ ಗಟ್ಟಿಯಾಗದಿರಲಿ ಅಂತ ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಾಡಿಸುತ್ತೇನೆ.

ಇನ್ನು ಧೂಳು. ಕಬ್ಬಿನ ಗಾಡಿಗಳು ಓಡಾಡುವ ಮಣ್ಣು ರಸ್ತೆಯಲ್ಲಿ ಹೋಗಿ ಬಂದರೆ ಗೂಡಿಗೆ ಧೂಳು ತುಂಬಿ ಸುಮ್ನೆ ಕೂಗುತ್ತದೆ. ಮೆತ್ತನೆಯ ಬ್ರಷ್ ಅಥವಾ ವ್ಯಾಕ್ಯೂಮ್‌ನಿಂದ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಬಿಸಿಲೂ ಒಂದು ತೊಂದರೆ. ನನ್ನ ಅಲಾರಂ ಡಬ್ಬದ ಮೇಲೆ 45 ಡಿಗ್ರಿವರೆಗೆ ಅಂತ ಬರೆದಿದೆ. ಏಪ್ರಿಲ್ ಮಧ್ಯಾಹ್ನ ಮುಚ್ಚಿದ ವ್ಯಾನ್ ಅದನ್ನು ಸುಲಭವಾಗಿ ದಾಟುತ್ತದೆ. ನೆರಳಲ್ಲಿ ನಿಲ್ಲಿಸುತ್ತೇನೆ, ಪ್ರತಿ ಪ್ರವಾಸದ ಮೊದಲ ಸಂಜೆ ಬಟನ್ ಒತ್ತಿ ನೋಡುತ್ತೇನೆ. ನಿಮಿಷಕ್ಕೊಮ್ಮೆ ಕೀಚ್ ಅಂದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ ಅಂತ ಅರ್ಥ.

ಕಳೆದ ಆಯುಧ ಪೂಜೆಗೆ ವ್ಯಾನ್ ತೊಳೆದು ಬೂದುಗುಂಬಳ ಒಡೆದೆವು. ಸಾಂಬ್ರಾಣಿ ಹೊರಗೇ ಹಾಕಿದೆವು. ಮಗಳು ಸ್ಟೂಲ್ ಹತ್ತಿ ಮೂರು ಅಲಾರಂಗಳಿಗೂ ಕುಂಕುಮ ಇಟ್ಟು, ಒಂದೊಂದರ ಬಟನ್ ಒತ್ತಿದಳು. ಸ್ಮೋಕ್ ಅಲಾರಂ ಬದಿಯಲ್ಲಿ ಮಾರ್ಕರ್‌ನಿಂದ 2033 ಅಂತ ಬರೆದಿದ್ದೇನೆ. ಹತ್ತು ವರ್ಷವಾದ ಮೇಲೆ ಚೆನ್ನಾಗಿ ಕೂಗುತ್ತಿದ್ದರೂ ಅದನ್ನು ಕಿತ್ತು ಹೊಸದು ಹಾಕಬೇಕು.