ಇನ್ಸ್‌ಬ್ರುಕ್ ಕ್ರಿಸ್‌ಮಸ್ ಮಾರ್ಕೆಟ್: ಅತ್ತೆ, ಮಗಳು ಎಲ್ಲರನ್ನೂ ಕರ್ಕೊಂಡು ನಾವು ಓಡಾಡಿದ್ದು ಹೀಗೆ

ಮೊದಲೇ ಹೇಳ್ಬಿಡ್ತೀನಿ, ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಡಿಸೆಂಬರ್‌ನಲ್ಲಿ ಒಂದೇ ಊರಲ್ಲಿ ಐದಾರು ಕಡೆ ಮಾರ್ಕೆಟ್ ಹಾಕಿರ್ತಾರೆ, ಎಲ್ಲಾನೂ ಒಂದೇ ದಿನ ನೋಡಿ ಮುಗಿಸ್ಬೇಕು ಅಂತ ಓಡಬೇಡಿ. ಎರಡು ನೋಡಿ ಸಾಕು, ಆದ್ರೆ ನಿಂತು ನೋಡಿ, ತಿನ್ನಿ, ಸುಮ್ನೆ ಅಲ್ಲೇ ಇರಿ. ನಾವು ಜರ್ಮನಿಯ ಮ್ಯೂನಿಕ್‌ನಲ್ಲಿ ಇರೋದು, ಅಲ್ಲಿಂದ ನೇರ ಟ್ರೈನ್‌ನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ, ಹಾಗಾಗಿ ಚಳಿಗಾಲ ಬಂತು ಅಂದ್ರೆ ನಮ್ಮನೇಲಿ ಇನ್ಸ್‌ಬ್ರುಕ್ ಮಾತು ಶುರುವಾಗತ್ತೆ. ಈ ಸಲ ಮೈಸೂರಿಂದ ಅತ್ತೆ ಬಂದಿದ್ರು, ಅವರ ಜೊತೆ ಹೇಗೆ ಹೋದ್ವಿ, ಏನು ತಿಂದ್ವಿ ಅಂತ ಬರೀತೀನಿ, ಯಾಕಂದ್ರೆ ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡಿರೋರು ಸುಮಾರು ಜನ ಇದೇ ಕೇಳ್ತಾರೆ, ಆ ಚಳಿಲಿ ದೊಡ್ಡವರಿಗೆ ಆಗತ್ತಾ, ವೆಜಿಟೇರಿಯನ್‌ಗೆ ಏನಾದ್ರೂ ಸಿಗತ್ತಾ ಅಂತ.

ಆಗತ್ತೆ, ಸಿಗತ್ತೆ. ಚಳಿ ಮಾತ್ರ ಕಾಲಿಂದ ಹತ್ತತ್ತೆ ಅನ್ನೋದು ನೆನಪಿರ್ಲಿ. ಹಳೇ ಊರಿನ ಬೀದಿ ಪೂರ್ತಿ ಕಲ್ಲು ಹಾಸು, ಅದರ ಮೇಲೆ ಒಂದು ಗಂಟೆ ನಿಂತ್ರೆ ತೆಳು ಸೋಲ್ ಶೂ ಏನೂ ಉಪಯೋಗ ಇಲ್ಲ. ಅತ್ತೆ ಸೀರೆನೇ ಉಡ್ತೀನಿ ಅಂದ್ರು, ಸರಿ ಅಂತ ಒಳಗೆ ಉಲ್ಲನ್ ಥರ್ಮಲ್, ಎರಡು ಜೊತೆ ಸಾಕ್ಸ್, ದಪ್ಪ ಸೋಲ್ ಬೂಟ್, ಮೇಲೆ ಮೊಣಕಾಲಿನ ತನಕ ಬರೋ ಜಾಕೆಟ್, ಸೀರೆ ನೆರಿಗೆನ ಬೂಟಿನ ಮೇಲೆ ಬರೋ ಹಾಗೆ ಸ್ವಲ್ಪ ಎತ್ತಿ ಉಟ್ರು. ಸಂಜೆ ಪೂರ್ತಿ ಆರಾಮಾಗಿ ಓಡಾಡಿದ್ರು.

ವಾರದ ದಿನ ಹೋಗಿ, ಇದು ನನ್ನ ಒತ್ತಾಯ. ಶನಿವಾರ ಭಾನುವಾರ ಇಟಲಿ, ಜರ್ಮನಿ ಎರಡೂ ಕಡೆಯಿಂದ ಜನ ಬಂದು ಬೀಳ್ತಾರೆ, ಬ್ರೆನ್ನರ್ ಪಾಸ್ ದಾಟಿದ್ರೆ ಇಟಲಿನೇ ಅಲ್ವಾ. ನಾವು ಮಧ್ಯಾಹ್ನ ತಲುಪಿದ್ವಿ, ಸ್ಟೇಷನ್‌ನಿಂದ ಮಾರಿಯಾ ಥೆರೇಸಿಯನ್ ಸ್ಟ್ರಾಸ್ಸೆ ಮೇಲೆ ನಡ್ಕೊಂಡೇ ಹೋದ್ವಿ, ಆ ರಸ್ತೆ ತುದಿಗೆ ನೇರವಾಗಿ ನಾರ್ಡ್‌ಕೆಟ್ಟೆ ಬೆಟ್ಟ ನಿಂತಿರತ್ತೆ, ಊರಿನ ಛಾವಣಿಗಳ ಮೇಲೇನೇ ಹಿಮ ಹೊದ್ಕೊಂಡು. ಅತ್ತೆ ಅಲ್ಲೇ ನಿಂತು "ಇದು ನಿಜವಾದ ಬೆಟ್ಟನೇನೇ, ಇಷ್ಟು ಹತ್ರ?" ಅಂದ್ರು.

ಕತ್ತಲಾಗೋಕೆ ಮುಂಚೆ ಇರೋ ಹೊತ್ತನ್ನ ನಾವು ಒಳಗೆ ಕಳೆದ್ವಿ, ದೊಡ್ಡವರು ಮಕ್ಕಳು ಇದ್ರೆ ಇದು ಒಳ್ಳೇ ಉಪಾಯ. ಹಳೇ ಊರಿನ ಪಕ್ಕದಲ್ಲೇ ಹೋಫ್‌ಕಿರ್ಖೆ ಅನ್ನೋ ಚರ್ಚ್ ಇದೆ, ಅದರಲ್ಲಿ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್‌ಗೆ ಅಂತ ಮಾಡಿದ ಸಮಾಧಿ, ಸುತ್ತ ಆಳೆತ್ತರಕ್ಕಿಂತ ದೊಡ್ಡ 28 ಕಂಚಿನ ಪ್ರತಿಮೆ. ಸಮಾಧಿ ಖಾಲಿ, ಅವನನ್ನ ಹೂಳಿರೋದು ವೀನರ್ ನಾಯ್‌ಸ್ಟಾಟ್ ಅನ್ನೋ ಬೇರೆ ಊರಲ್ಲಿ. ಚರ್ಚಿಗೆ ಅಂಟ್ಕೊಂಡೇ ಟಿರೋಲ್‌ನ, ಅಂದ್ರೆ ಇನ್ಸ್‌ಬ್ರುಕ್ ಇರೋ ರಾಜ್ಯದ, ಜಾನಪದ ಕಲೆಯ ಮ್ಯೂಸಿಯಂ ಇದೆ, ಅಲ್ಲಿ ಕ್ರಿಪ್ಪೆಗಳು, ಅಂದ್ರೆ ಯೇಸು ಹುಟ್ಟಿದ ದೃಶ್ಯನ ಸಣ್ಣ ಸಣ್ಣ ಗೊಂಬೆಗಳಲ್ಲಿ ಜೋಡಿಸಿರೋದು. ನಂಗೆ ಇಡೀ ದಿನದಲ್ಲಿ ತುಂಬ ಹಿಡಿಸಿದ್ದು ಇದೇ. ಎಷ್ಟೋ ಕ್ರಿಪ್ಪೆಗಳಲ್ಲಿ ಬೆತ್ಲೆಹೆಮ್ಮೇ ಟಿರೋಲ್‌ಗೆ ಬಂದ್ಬಿಟ್ಟಿದೆ, ಹಿಂದೆ ಆಲ್ಪ್ಸ್ ಬೆಟ್ಟ, ಮರದ ಕೊಟ್ಟಿಗೆ, ಊರಿನ ರೈತರ ಬಟ್ಟೆ ಹಾಕಿರೋ ಕುರುಬರು. ಹತ್ರದ ಥೌರ್ ಅನ್ನೋ ಹಳ್ಳೀಲಿ ಇವತ್ತಿಗೂ ಕ್ರಿಸ್‌ಮಸ್ ಆದ್ಮೇಲೆ ಜನ ಮನೆಮನೆಗೆ ಹೋಗಿ ಕ್ರಿಪ್ಪೆ ನೋಡ್ತಾರೆ, ನೋಡಿ ಚೆನ್ನಾಗಿದೆ ಅಂದ್ರೆ ಮನೆಯವರು ಒಂದು ಗುಟುಕು ಶ್ನಾಪ್ಸ್ ಅನ್ನೋ ಖಾರದ ಮದ್ಯ ಕೊಡ್ತಾರೆ. ನಾನಿದನ್ನ ಹೇಳಿದ ತಕ್ಷಣ ಅತ್ತೆ "ನಮ್ಮ ದಸರಾ ಗೊಂಬೆ ನೋಡಕ್ಕೆ ಹೋದ್ರೆ ಚರ್ಪು ಕೊಡಲ್ವಾ, ಹಾಗೆ" ಅಂದ್ರು, ಆಮೇಲೆ ಪ್ರತಿ ಗಾಜಿನ ಪೆಟ್ಟಿಗೆ ಮುಂದೆನೂ ಬಗ್ಗಿ ಬಗ್ಗಿ ನೋಡಿದ್ದೇ ನೋಡಿದ್ದು, ಕೊನೆಗೆ ಮಗಳೇ ಕೈ ಹಿಡ್ದು ಎಳ್ಕೊಂಡು ಬರ್ಬೇಕಾಯ್ತು.

ನಾಲ್ಕೂವರೆಗೆಲ್ಲ ಕತ್ತಲು. ಆಗ ಆಲ್ಟ್‌ಸ್ಟಾಟ್, ಅಂದ್ರೆ ಹಳೇ ಊರಿನ ಮಾರ್ಕೆಟ್‌ಗೆ ಹೋದ್ವಿ, ಗೋಲ್ಡನೆಸ್ ದಾಖ್ಲ್ ಅನ್ನೋ ಚಿನ್ನದ ಮಾಡು ಇರೋ ಚೌಕ. 2,657 ತಾಮ್ರದ ಹಂಚಿಗೆ ಚಿನ್ನದ ಲೇಪ, 1500ರಲ್ಲಿ ಮುಗಿದಿದ್ದು, ಕೆಳಗೆ ನಡೆಯೋ ಆಟ, ಕಾಳಗ ನೋಡಕ್ಕೆ ಅಂತ ಮ್ಯಾಕ್ಸಿಮಿಲಿಯನ್ ಕಟ್ಟಿಸಿದ ಬಾಲ್ಕನಿ. ಅದರ ಮುಂದೆ ದೊಡ್ಡ ಮರ, ಸುತ್ತ ಮರದ ಅಂಗಡಿಗಳು. ಸಂಜೆ ಆ ಬಾಲ್ಕನೀಲಿ ನಿಂತು ಕಹಳೆ, ಟ್ರೊಂಬೋನ್ ಊದೋರು ಬರ್ತಾರೆ, ಟುರ್ಮ್‌ಬ್ಲೇಸರ್ ಅಂತಾರೆ ಅವರನ್ನ, ಮೈಕಿಲ್ಲ ಸ್ಪೀಕರ್ ಇಲ್ಲ. ಅವರು ಶುರು ಮಾಡೋಕೆ ಹತ್ತು ನಿಮಿಷ ಮುಂಚೆನೇ ಹೋಗಿ ಜಾಗ ಹಿಡ್ಕೊಳ್ಳಿ, ಇದನ್ನ ತಪ್ಪಿಸ್ಕೊಂಡ್ರೆ ಆಲ್ಟ್‌ಸ್ಟಾಟ್‌ಗೆ ಹೋಗಿದ್ದು ಅರ್ಧನೇ ಲೆಕ್ಕ. ಪಕ್ಕದ ಓಣಿಗಳಲ್ಲಿ ಮನೆ ಗೋಡೆ ಮೇಲೆ, ಕಿಟಕಿ ಹತ್ರ ಕಥೆಗಳ ದೊಡ್ಡ ದೊಡ್ಡ ಗೊಂಬೆ ಕೂರಿಸಿರ್ತಾರೆ, ಮಕ್ಕಳಿಗೆ ಅದೇ ಹಬ್ಬ.

ಈಗ ತಿಂಡಿ. ಟಿರೋಲ್‌ಗೆ ಹೋಗಿ ಕಿಯಾಖ್ಲ್ ತಿನ್ನದೆ ಬರಬಾರದು. ಯೀಸ್ಟ್ ಹಾಕಿ ಉಬ್ಬಿಸಿದ ಹಿಟ್ಟಿನ ಉಂಡೆ ತಗೊಂಡು ಬೆರಳಲ್ಲಿ ಎಳೀತಾರೆ, ನಡುವೆ ಕಾಗದದ ಥರ ತೆಳು, ಅಂಚು ಮಾತ್ರ ದಪ್ಪ, ಹಾಗೇ ಬಿಸಿ ಎಣ್ಣೆಗೆ ಬಿಡ್ತಾರೆ. ಅಂಚು ಉಬ್ಬಿ ಮೆತ್ತಗಾಗತ್ತೆ, ನಡುವಿನ ಗುಳಿ ಗರಿಗರಿ. ಆ ಗುಳಿಗೆ ಬಿಸಿ ಸವರ್‌ಕ್ರೌಟ್ ಹಾಕಿಸ್ಕೋಬಹುದು, ಅಂದ್ರೆ ಹುಳಿ ಬರಿಸಿದ ಎಲೆಕೋಸು, ಇಲ್ಲಾಂದ್ರೆ ಪ್ರೈಸೆಲ್‌ಬೇರ್ ಅನ್ನೋ ಕೆಂಪು ಕಾಡು ಹಣ್ಣಿನ ಜಾಮ್, ಮೇಲೆ ಸಕ್ಕರೆ ಪುಡಿ. ವೆಜಿಟೇರಿಯನ್ ಆದ್ರೆ ಎರಡು ಪ್ರಶ್ನೆ ಕೇಳ್ಲೇಬೇಕು. ಒಂದು, ಕರಿಯೋದು ಯಾವುದರಲ್ಲಿ ಅಂತ, ಹಂದಿ ಕೊಬ್ಬಿನಲ್ಲೂ ಕರೀತಾರೆ, ಎಣ್ಣೆಲೂ ಕರೀತಾರೆ, ಬುಟರ್‌ಶ್ಮಾಲ್ಟ್ಸ್ ಅಂದ್ರೆ ಮಾತ್ರ ಭಯ ಬೇಡ, ಅದು ತುಪ್ಪ. ಎರಡು, ಕೋಸಿನಲ್ಲಿ ಶ್ಪೆಕ್ ಇದ್ಯಾ ಅಂತ, ಹಂದಿ ಮಾಂಸದ ಚೂರು ಹಾಕಿ ಬೇಯಿಸೋದು ಮಾಮೂಲಿ. ಹಿಟ್ಟಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರತ್ತೆ. ಅತ್ತೆಗೆ ಕೇಕಲ್ಲಿರೋ ಮೊಟ್ಟೆ ನಡಿಯತ್ತೆ, ಎಣ್ಣೆಲೇ ಕರಿಯೋ ಅಂಗಡಿ ಹುಡ್ಕಿ ಜಾಮ್ ಹಾಕಿಸಿ ಕೊಟ್ವಿ. ಒಂದನ್ನ ಇಬ್ಬರು ಹಂಚ್ಕೊಳ್ಳಿ, ಒಬ್ಬರಿಗೆ ಜಾಸ್ತಿ ಆಗತ್ತೆ.

ಮೊಟ್ಟೆನೂ ಬೇಡ ಅನ್ನೋರಿಗೆ ಮರೋನಿ ಇದೆ, ಕೆಂಡದ ಮೇಲೆ ಹುರಿದ ಚೆಸ್ಟ್‌ನಟ್, ಪೇಪರ್ ಪೊಟ್ಟಣದಲ್ಲಿ ಕೊಡ್ತಾರೆ, ತಿನ್ನೋಕಿಂತ ಮುಂಚೆ ಕೈ ಬೆಚ್ಚಗಾಗತ್ತೆ. ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಇದೆ, ಅದರ ವಾಸನೆ ಬೀದಿ ತುಂಬ. ಮಾಂಸ ತಿನ್ನೋರಿಗೆ ಸಾಸೇಜ್, ಅದ್ರಲ್ಲಿ ಹೇಳೋಕೇನಿಲ್ಲ.

ಕುಡಿಯೋಕೆ ಗ್ಲೂವೈನ್, ಕೆಂಪು ವೈನ್‌ಗೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಕುದಿ ಬರದ ಹಾಗೆ ಬಿಸಿ ಮಾಡಿರೋದು. ಅತ್ತೆಗೂ ಮಗಳಿಗೂ ಕಿಂಡರ್‌ಪುನ್ಷ್ ತಗೊಂಡ್ವಿ, ಹಣ್ಣಿನ ರಸಕ್ಕೆ ಅದೇ ಮಸಾಲೆ, ಮದ್ಯ ಇಲ್ಲ. ಮಗ್‌ಗೆ ಅಂತ ಕೆಲವು ಯೂರೋ ಡೆಪಾಸಿಟ್ ಹಿಡ್ಕೋತಾರೆ, ವಾಪಸ್ ಕೊಟ್ರೆ ದುಡ್ಡು ವಾಪಸ್, ಇಷ್ಟ ಆದ್ರೆ ಮಗ್ ಇಟ್ಕೋಬಹುದು.

ಎರಡನೇದಕ್ಕೆ ನಾವು ಹೋಗಿದ್ದು ಹುಂಗರ್‌ಬುರ್ಗ್. ಕಾಂಗ್ರೆಸ್ ಅನ್ನೋ ಸ್ಟೇಷನ್‌ನಿಂದ ಬೆಟ್ಟ ಏರೋ ಫ್ಯೂನಿಕ್ಯುಲರ್ ಟ್ರೈನ್ ಹತ್ತಿದ್ರೆ ಇನ್ ನದಿ ದಾಟಿ ಹತ್ತು ನಿಮಿಷದೊಳಗೆ ಊರಿಗಿಂತ ಸುಮಾರು 300 ಮೀಟರ್ ಮೇಲೆ ಬಿಡತ್ತೆ. ಹಿಮನದಿ ಥರ ಹೊಳೆಯೋ ಆ ಸ್ಟೇಷನ್‌ಗಳನ್ನ ಡಿಸೈನ್ ಮಾಡಿದ್ದು ಆರ್ಕಿಟೆಕ್ಟ್ ಜಹಾ ಹದೀದ್, 2007ರಲ್ಲಿ ಶುರುವಾಗಿದ್ದು. ಮೇಲೆ ಮಾರ್ಕೆಟ್ ಚಿಕ್ಕದು, ಗಲಾಟೆ ಇಲ್ಲ, ಕೆಳಗೆ ಊರಿನ ದೀಪ ಪೂರ್ತಿ ಕಾಣತ್ತೆ. ಸಣ್ಣ ಮಕ್ಕಳಿದ್ರೆ ಇದರ ಬದಲು ನದಿ ಪಕ್ಕದ ಮಾರ್ಕ್ಟ್‌ಪ್ಲಾಟ್ಸ್ ಮಾರ್ಕೆಟ್ ಆರಿಸ್ಕೊಳ್ಳಿ, ಅಲ್ಲಿ ಕುದುರೆ ಸುತ್ತೋ ಕ್ಯಾರೊಸೆಲ್, ಸ್ವರೋವ್‌ಸ್ಕಿ ಹರಳಿನ ಮರ ಎಲ್ಲಾ ಇದೆ.

ತಾರೀಕು ಒಂದು ನೋಡ್ಕೊಂಡು ಹೊರಡಿ, ಆಲ್ಟ್‌ಸ್ಟಾಟ್ ಮಾರ್ಕೆಟ್ ಕ್ರಿಸ್‌ಮಸ್‌ಗೆ ಮುಂಚೆನೇ ಮುಗಿಯತ್ತೆ, 24ರ ಮಧ್ಯಾಹ್ನದ ಮೇಲೆ ಅಂಗಡಿಗಳೂ ಬಾಗಿಲು ಹಾಕ್ತವೆ, ಮಾರ್ಕ್ಟ್‌ಪ್ಲಾಟ್ಸ್ ಮಾತ್ರ ಹೊಸ ವರ್ಷ ದಾಟಿ ನಡಿಯತ್ತೆ. ವಾಪಸ್ ಬರುವಾಗ ತರೋದಾದ್ರೆ ಟಿರೋಲ್‌ನ ಚೆಲ್ಟನ್ ತನ್ನಿ, ಒಣಗಿಸಿದ ಪೇರ್, ಅಂಜೂರ, ದ್ರಾಕ್ಷಿ, ಬೀಜಗಳನ್ನ ತುಂಬಿ ಮಾಡೋ ಭಾರದ ಬ್ರೆಡ್ಡು, ತೆಳುವಾಗಿ ಕೊಯ್ದು ಬೆಣ್ಣೆ ಸವರಿ ತಿನ್ನೋದು, ಬೇಗ ಕೆಡಲ್ಲ. ಕೆಲವರು ರಮ್ ಅಥವಾ ಶ್ನಾಪ್ಸ್ ಹಾಕಿರ್ತಾರೆ, ಮನೆಗೆ ದೊಡ್ಡವರಿಗೆ ಒಯ್ಯೋದಾದ್ರೆ ಕೇಳಿ ತಗೊಳ್ಳಿ.